ಹಡ್ಲಿನ ಕರಿಮಣ್ಣು ಮತ್ತು ಬಸಿಗಾಲುವೆಯ ಆಳ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಗದ್ದೆ ಮಾರಾಟಕ್ಕಿದೆ ಎಂದರೆ ಕೊಳ್ಳುವವರು ಮೊದಲು ಕೇಳುವುದು, ನೀರು ಬಸಿದು ಹೋಗುತ್ತದೆಯೇ ಎಂದು. ಅಡಿಕೆ ಹಾಕಬೇಕು, ಇಲ್ಲವೇ ಒಂದು ವರ್ಷ ಶುಂಠಿಗೆ ಗುತ್ತಿಗೆ ಕೊಟ್ಟು ಆಮೇಲೆ ರೋಬಸ್ಟಾ ಕಾಫಿ ಕೂರಿಸಬೇಕು. ಯಾವುದಕ್ಕೂ ಜೌಗು ಒಗ್ಗದು, ಗುಡ್ಡಗಳ ನಡುವೆ ನೀರು ನಿಲ್ಲುವ ತಗ್ಗು ನೆಲವಾದ ಹಡ್ಲು ಮೊದಲೇ ಒಗ್ಗದು. ಹಾಗಾಗಿ ಸುಗ್ಗಿ ಮುಗಿಯುತ್ತಿದ್ದಂತೆ ಹಿಟಾಚಿ ಬೈಲಿಗಿಳಿಯುತ್ತದೆ. ನಡುವೆ ಉದ್ದಕ್ಕೆ ನಾಲ್ಕಡಿ ಆಳದ ಒಂದು ದೊಡ್ಡ ಕಾಲುವೆ, ಅದಕ್ಕೆ ಎರಡೂ ಬದಿಯಿಂದ ಬಂದು ಸೇರುವ ಸಣ್ಣ ಬಸಿಗಾಲುವೆಗಳು. ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತಿದ್ದ ಜಾಗದಲ್ಲಿ ಕೆಲವೇ ವಾರದಲ್ಲಿ ಜೀಪು ಓಡಾಡುತ್ತದೆ. ಕಾಲುವೆಯಿಂದ ಎತ್ತಿ ಬದಿಗೆ ಹಾಕಿದ ಮಣ್ಣು ಕಡುಗಪ್ಪು, ಕೊಳೆತ ಮೊಟ್ಟೆಯ ವಾಸನೆ, ಒಳಗೆ ಇನ್ನೂ ಗುರುತು ಸಿಗುವ ಬೇರು ಮತ್ತು ಜೇಕಿನ ಕಡ್ಡಿಗಳು. ಒಂದೆರಡು ಬೇಸಗೆ ಕಳೆಯುವಷ್ಟರಲ್ಲಿ ಆ ಗುಡ್ಡೆ ಬಣ್ಣ ಬಿಟ್ಟು ಕಂದಾಗಿ, ಕುಸಿದು ಕುಳ್ಳಾಗಿರುತ್ತದೆ. ಒಂದಷ್ಟು ಒತ್ತಾಗಿ ಕೂತಿತು, ಒಂದಷ್ಟನ್ನು ಮಳೆ ಕೊಚ್ಚಿಕೊಂಡು ಹೋಯಿತು, ಮಿಕ್ಕಿದ್ದು ಗಾಳಿಗೆ ಸೇರಿತು.

ಗಾಳಿಗೆ ಸೇರಿದ ಆ ಪಾಲಿನ ಬಗ್ಗೆ ಪ್ರಪಂಚದ ಬೇರೆ ಕಡೆ ದೊಡ್ಡ ಲೆಕ್ಕಾಚಾರ ನಡೆದಿದೆ. ನಮ್ಮಲ್ಲಿ ಕಾಡಿನ ಬಗ್ಗೆ, ಕೆರೆಯ ಬಗ್ಗೆ ಮಾತಾಡುತ್ತೇವೆ. ಎರಡು ಗುಡ್ಡದ ನಡುವಿನ ಹಡ್ಲು ಎರಡಕ್ಕೂ ಸೇರದೆ ಉಳಿದುಬಿಟ್ಟಿದೆ.

ಪೀಟ್ ಯಾವುದು, ನಮ್ಮದು ಯಾವುದು

ಸದಾ ನೀರು ನಿಂತ ಮಣ್ಣಿನೊಳಕ್ಕೆ ಆಮ್ಲಜನಕ ಇಳಿಯುವುದಿಲ್ಲ ಎನ್ನುವಷ್ಟು ನಿಧಾನ. ಸತ್ತ ಬೇರು, ಎಲೆ, ಹುಲ್ಲನ್ನು ತಿಂದು ಮುಗಿಸುವ ಸೂಕ್ಷ್ಮಜೀವಿಗಳಿಗೆ ಉಸಿರು ಕಟ್ಟುತ್ತದೆ. ಕೊಳೆಯುವುದಕ್ಕಿಂತ ಬೆಳೆಯುವುದು ಕೊಂಚ ಹೆಚ್ಚಾದರೆ ಸಾಕು, ವರ್ಷಕ್ಕೆ ಸುಮಾರು 1 ಮಿ.ಮೀ. ಲೆಕ್ಕದಲ್ಲಿ ಸಸ್ಯಾವಶೇಷ ಪದರ ಪದರವಾಗಿ ಕೂಡುತ್ತಾ ಹೋಗುತ್ತದೆ. ಒಂದು ಮೀಟರ್ ಆಗಲು ಸಾವಿರ ವರ್ಷ. ಇದೇ ಪೀಟ್. ಒಣತೂಕದಲ್ಲಿ ಶೇ 30ಕ್ಕಿಂತ ಹೆಚ್ಚು ಸಾವಯವ ಅಂಶವಿದ್ದು, ಪದರ ಕನಿಷ್ಠ 30 ಸೆಂ.ಮೀ. ದಪ್ಪ ಇರಬೇಕು ಎಂಬುದು ಹೆಚ್ಚು ಬಳಕೆಯಲ್ಲಿರುವ ಅಳತೆ. ಕೆಲವು ದೇಶಗಳು ಇದನ್ನು 40 ಸೆಂ.ಮೀ. ಎನ್ನುತ್ತವೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರಲ್ಲಿ ಪ್ರಕಟಿಸಿದ ಜಾಗತಿಕ ಮೌಲ್ಯಮಾಪನದ ಪ್ರಕಾರ ಇಂಥ ನೆಲ ಸುಮಾರು 50 ಕೋಟಿ ಹೆಕ್ಟೇರ್, ಭೂಭಾಗದ ಶೇ 4ಕ್ಕೂ ಕಡಿಮೆ. ಆದರೂ ಲೋಕದ ಎಲ್ಲ ಕಾಡುಮರಗಳು ಹಿಡಿದಿಟ್ಟಿರುವುದಕ್ಕಿಂತ ಹೆಚ್ಚು ಇಂಗಾಲ ಇದರೊಳಗಿದೆ. ಸುಮಾರು ಶೇ 12ರಷ್ಟು ಈಗಾಗಲೇ ಬಸಿದು ಹಾಳಾಗಿದೆ. ಮನುಷ್ಯರಿಂದಾಗುವ ಹಸಿರುಮನೆ ಅನಿಲಗಳಲ್ಲಿ ಶೇ 4ರಷ್ಟು ಈ ಹಾಳಾದ ಪಾಲೊಂದರಿಂದಲೇ ಬರುತ್ತಿದೆ.

ಭಾರತದಲ್ಲಿ ನಿಜವಾದ ಪೀಟ್ ಕಡಿಮೆ. ನೀಲಗಿರಿಯ ಎತ್ತರದ ಕಣಿವೆಗಳಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಅಲ್ಲಿನ ಪೀಟ್‌ನ ಇಂಗಾಲವನ್ನು ಪರೀಕ್ಷಿಸಿ, ಸುಮಾರು 20,000 ವರ್ಷಗಳಲ್ಲಿ ಮುಂಗಾರು ಯಾವಾಗ ಜೋರಾಗಿತ್ತು, ಯಾವಾಗ ಸೊರಗಿತ್ತು ಎಂಬುದನ್ನು ಓದಿ ತೆಗೆದರು. ಕೇರಳದ ಕುಟ್ಟನಾಡಿನ ಕರಿ ಮಣ್ಣು ಇನ್ನೊಂದು. ಮಣಿಪುರದ ಲೋಕ್ತಾಕ್ ಸರೋವರದಲ್ಲಿ ತೇಲುವ ಸಸ್ಯರಾಶಿ ಫುಮ್ಡಿ ಕೂಡ ಇದೇ ಬಳಗದ್ದು.

ಬಾಬಾಬುಡನ್‌ಗಿರಿ ಸಾಲು, ಕುದುರೆಮುಖದ ಶೋಲಾ ಕಾಡು, ಹುಲ್ಲುಗಾವಲಿನ ತಗ್ಗುಗಳು, ಬಿಸಿಲೆಯ ಕಡೆಯ ಜೌಗುಗಳು, ಭದ್ರಾ ಅಭಯಾರಣ್ಯದ ಹಡ್ಲುಗಳು: ಇವುಗಳಲ್ಲಿ ಬಹುಪಾಲು ಆ ಕಟ್ಟುನಿಟ್ಟಿನ ಅಳತೆಗೆ ಪೀಟ್ ಎನ್ನಿಸಿಕೊಳ್ಳುವುದಿಲ್ಲ. ಗುಡ್ಡದಿಂದ ಮಳೆ ತಂದು ಹಾಕುವ ಕೆಂಪುಜೇಡಿ ಇಲ್ಲಿ ಸಾವಯವ ಪದರಗಳ ನಡುವೆ ಬೆರೆಯುತ್ತದೆ. ಆದ್ದರಿಂದ ಇದನ್ನು ಪೀಟ್ ಎಂದು ಕರೆದು ದೊಡ್ಡದು ಮಾಡುವ ಅಗತ್ಯವಿಲ್ಲ. ಆದರೆ ಒಳಗೆ ನಡೆಯುವ ಕ್ರಿಯೆ ಒಂದೇ: ನೀರು ನಿಂತಿರುವಷ್ಟು ದಿನ ಇಂಗಾಲ ಕೂಡುತ್ತದೆ, ನೀರಿಳಿದ ದಿನದಿಂದ ಉರಿಯಿಲ್ಲದೆ ಸುಡುತ್ತದೆ.

ನಮ್ಮ ಹಡ್ಲು ಯಾವ ದರ್ಜೆಯದು ಎಂದು ತಿಳಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಮಣ್ಣು ಕೊರೆಯುವ ಆಗರ್‌ನಿಂದ 30, 60, 90 ಸೆಂ.ಮೀ. ಆಳದ ಹಸಿ ಮಣ್ಣನ್ನು ಒಂದೊಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಬೇಕು. ಬೆರಳ ಸಂದಿಯಿಂದ ತಿಳಿನೀರು ಬಂದು ಕೈಯಲ್ಲಿ ನಾರು ಉಳಿದರೆ ಕೊಳೆಯುವಿಕೆ ಶುರುವಾಗಿಲ್ಲ ಎಂದು. ಕದಡಿದ ಕಂದು ನೀರು ಬಂದರೆ ನಡುವಿನ ಹಂತ. ಬೆಣ್ಣೆಯ ಹದದ ಕೆಸರೇ ಬೆರಳ ನಡುವೆ ಜಾರಿ, ಕೈಯಲ್ಲಿ ಏನೂ ಉಳಿಯದಿದ್ದರೆ ಪೂರ್ತಿ ಕೊಳೆತದ್ದು. ಪೀಟ್ ಪರಿಣತರು 1ರಿಂದ 10ರವರೆಗೆ ಅಂಕ ಕೊಡುವ ಫಾನ್ ಪೋಸ್ಟ್ ಪರೀಕ್ಷೆ ಇದೇ. ಉಗುರಿನಿಂದ ಉಜ್ಜಿದಾಗ ಕರಕರ ಎಂದರೆ ಮರಳು, ಜೇಡಿಯ ಪಾಲು ಹೆಚ್ಚು.

ಪ್ರಯೋಗಾಲಯಕ್ಕೆ ಕಳಿಸುವುದಾದರೆ ಒಂದು ಎಚ್ಚರ. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ 0.75 ದಾಟಿದರೆ ಚೀಟಿಯಲ್ಲಿ ಬರುವುದು ‘ಅಧಿಕ’ ಎಂಬ ಒಂದೇ ಮಾತು. ಅಲ್ಲಿ ಬಳಸುವ ವಾಕ್ಲಿ-ಬ್ಲ್ಯಾಕ್ ವಿಧಾನವೂ ಇಂಗಾಲ ತುಂಬಿದ ಮಣ್ಣಿಗೆ ಸೋಲುತ್ತದೆ, ಇಂಗಾಲ ಅಳೆಯಲು ಹಾಕಿದ ಡೈಕ್ರೋಮೇಟ್ ರಾಸಾಯನಿಕವೆಲ್ಲ ಖರ್ಚಾಗಿ ನಿಜಕ್ಕಿಂತ ಕಡಿಮೆ ಅಂಕಿ ತೋರಿಸುತ್ತದೆ. ಕರಿಮಣ್ಣಿಗೆ ಸುಡುವ ಪರೀಕ್ಷೆ ಕೇಳಬೇಕು: 105 ಡಿಗ್ರಿಯಲ್ಲಿ ಒಣಗಿಸಿ ತೂಗಿ, 550 ಡಿಗ್ರಿ ಕುಲುಮೆಯಲ್ಲಿ ನಾಲ್ಕು ಗಂಟೆ ಇಟ್ಟು ಮತ್ತೆ ತೂಗುವುದು. ಕಡಿಮೆಯಾದ ತೂಕ ಸಾವಯವ ಅಂಶ, ಅದರ ಅರ್ಧದಷ್ಟು ಇಂಗಾಲ. ಜೇಡಿ ಹೆಚ್ಚಿದ್ದರೆ ಅದರೊಳಗೆ ಬಂಧಿಯಾದ ನೀರೂ ಹೋಗುವುದರಿಂದ ಅಂಕಿ ಕೊಂಚ ಉಬ್ಬುತ್ತದೆ, ಅಷ್ಟನ್ನು ಕಳೆದುಕೊಂಡೇ ಓದಬೇಕು.

ಒಂದು ಎಕರೆಯ ಲೆಕ್ಕ

ಮೇಲಿನ 30 ಸೆಂ.ಮೀ. ಮಣ್ಣಿನಲ್ಲಿ ಶೇ 6 ಇಂಗಾಲ, ಘನ ಮೀಟರಿಗೆ 800 ಕೆ.ಜಿ. ಒಣತೂಕ ಇರುವ ಒಂದು ಎಕರೆ ಹಡ್ಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಣ್ಣಿನ ಗಾತ್ರ ಸುಮಾರು 1,214 ಘನ ಮೀಟರ್, ತೂಕ 971 ಟನ್, ಅದರಲ್ಲಿ ಇಂಗಾಲ 58 ಟನ್. ಬಸಿಗಾಲುವೆ ಹೊಡೆದ ಮೇಲೆ ಕಾಲಕ್ರಮದಲ್ಲಿ ಇದರ ಮೂರನೇ ಒಂದು ಭಾಗ ಹೋದರೂ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್ 70 ಟನ್. 26,000 ಲೀಟರ್ ಡೀಸೆಲ್ ಸುಟ್ಟಂತೆ. ನಿಜವಾದ ಪೀಟ್ ಆಗಿದ್ದರೆ ಇನ್ನೂ ಕೆಟ್ಟ ಲೆಕ್ಕ: ಪೀಟ್ ಹಗುರ, ಆದರೆ ಒಣತೂಕದ ಅರ್ಧ ಇಂಗಾಲವೇ. ಕೊಳೆತು ಹೋಗುವ ಪ್ರತಿ 1 ಸೆಂ.ಮೀ.ಗೆ ಎಕರೆಗೆ 7 ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್.

ಬಸಿದ ಮೇಲೆ ನೆಲ ಇಳಿಯುತ್ತದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಇಂಗ್ಲೆಂಡಿನಲ್ಲಿದೆ. ಪೀಟರ್‌ಬರೋ ಬಳಿಯ ಹೋಮ್ ಎಂಬಲ್ಲಿ ದೊಡ್ಡ ಜೌಗೊಂದನ್ನು ಬಸಿಯುವಾಗ, 1851ರಲ್ಲಿ, ಒಂದು ಎರಕದ ಕಬ್ಬಿಣದ ಕಂಬವನ್ನು ಕೆಳಗಿನ ಜೇಡಿಯವರೆಗೆ ಇಳಿಸಿ, ತುದಿ ನೆಲಮಟ್ಟಕ್ಕೆ ಸರಿಯಾಗಿರುವಂತೆ ಹೂತಿದ್ದರು. ಈಗ ಆ ಕಂಬ ನೆಲದಿಂದ ಸುಮಾರು 4 ಮೀಟರ್ ಮೇಲೆ ನಿಂತಿದೆ. ಕಂಬ ಏಳಲಿಲ್ಲ, ಊರೇ ಇಳಿಯಿತು. ನೆಲ ಇಳಿದಷ್ಟೂ ಕಾಲುವೆ ಇನ್ನೂ ಆಳ ಮಾಡಬೇಕು, ಆಳ ಮಾಡಿದಷ್ಟೂ ನೆಲ ಇಳಿಯುತ್ತದೆ. ಜೌಗಿನಲ್ಲಿ ಮಾಡಿದ ಅಡಿಕೆ ತೋಟಕ್ಕೆ ಮತ್ತೆ ಮತ್ತೆ ಹೊಸ ಮಣ್ಣು ಹೊಡೆಸಬೇಕಾಗುವುದು, ಬೇರು ಮೇಲೆದ್ದು ಮರ ವಾಲುವುದು, ಕಾಲುವೆ ಪದೇ ಪದೇ ಬಿಡಿಸಬೇಕಾಗುವುದು ಇವೆಲ್ಲ ಸ್ವಲ್ಪಮಟ್ಟಿಗೆ ಇದೇ ಕುಸಿತದ ಖರ್ಚುಗಳು. ತೋಟದ ಲೆಕ್ಕದ ಪುಸ್ತಕದಲ್ಲಿ ಅವು ‘ಮಣ್ಣು ಕೆಲಸ’ ಎಂಬ ಬೇರೆ ಕಾಲಂನಲ್ಲಿ ಇರುತ್ತವೆ, ಅಷ್ಟೇ.

ಸುಣ್ಣ ಮತ್ತು ಯೂರಿಯಾ ಇದಕ್ಕೆ ವೇಗ ಕೊಡುತ್ತವೆ. ಹುಳಿ ಮಣ್ಣಿನಲ್ಲಿ ಮಂದವಾಗಿದ್ದ ಸೂಕ್ಷ್ಮಜೀವಿಗಳು ಸುಣ್ಣ ಬಿದ್ದೊಡನೆ ಚುರುಕಾಗುತ್ತವೆ. ಸಾರಜನಕ ಸಿಕ್ಕರೆ ನೈಟ್ರಸ್ ಆಕ್ಸೈಡ್ ಬರುತ್ತದೆ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಬಿಸಿ ಮಾಡುವ ಅನಿಲ. ಶುಂಠಿಯಲ್ಲಿ ಈ ಮೂರೂ ಒಟ್ಟಿಗೆ ಬೀಳುತ್ತವೆ: ಏರುಮಡಿಗೆಂದು ಆಳದ ಕಾಲುವೆ, ಸುಣ್ಣ, ಕಂತು ಕಂತಾಗಿ ಗೊಬ್ಬರ. ಗಡ್ಡೆ ಕೊಳೆ ಬರಬಾರದೆಂದು ನೀರನ್ನು ಇನ್ನಷ್ಟು ಇಳಿಸುತ್ತಾರೆ. ವರ್ಷ ಕಳೆದು ಗುತ್ತಿಗೆದಾರರು ಮುಂದಿನ ಜಾಗಕ್ಕೆ ಹೋಗುತ್ತಾರೆ, ಕಾಲುವೆ ಉಳಿಯುತ್ತದೆ. ಹಡ್ಲಿಗೆ ಅಡಿಕೆಗಿಂತ ಶುಂಠಿ ಹೆಚ್ಚು ಕೆಡುಕು ಎನ್ನಲು ಇದೇ ಕಾರಣ.

ಸ್ಪಂಜು ಎನ್ನುವುದು ತಪ್ಪು ಲೆಕ್ಕ

ಜೌಗನ್ನು ಉಳಿಸಿ ಎನ್ನುವವರು ಸಾಮಾನ್ಯವಾಗಿ ಅದು ಸ್ಪಂಜಿನಂತೆ ಮಳೆನೀರು ಹೀರಿಕೊಂಡು ಬೇಸಗೆಯಲ್ಲಿ ಬಿಡುತ್ತದೆ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಜುಲೈನ ಹಡ್ಲು ತುಂಬಿ ನಿಂತಿರುತ್ತದೆ. ಅದರ ಮೇಲೆ ಬಿದ್ದ ಹೊಸ ಮಳೆಗೆ ಒಳಗೆ ಜಾಗವಿಲ್ಲ, ಮೇಲೆಯೇ ಹರಿದು ಹೋಗುತ್ತದೆ. 2018, 2019ರ ಆಗಸ್ಟಿನಂಥ ಮಳೆಯನ್ನು ಯಾವ ಜೌಗೂ ತಡೆಯಲಾರದು. ಅಂಥ ಹೊತ್ತಿನಲ್ಲಿ ಅದು ಮಾಡುವ ಉಪಕಾರ ಬೇರೆ: ದಟ್ಟ ಜೇಕು, ಕೇದಗೆಯ ಪೊದೆ ನೀರಿನ ಓಟ ತಗ್ಗಿಸುತ್ತವೆ, ಹಳ್ಳ ಒಂದೇ ಕೊರಕಲಾಗಿ ಕೊರೆಯದಂತೆ ಅಗಲಕ್ಕೆ ಹರಡುತ್ತವೆ. ನೆಟ್ಟಗೆ ಹೊಡೆದ ಕಾಲುವೆ ಇದರ ತದ್ವಿರುದ್ಧ. ಮೇಲಿನ ಗುಡ್ಡದ ನೀರನ್ನೆಲ್ಲ ಬೇಗ ಒಂದೆಡೆ ತಂದು ಕೆಳಗಿನವರ ಬೇಲಿಗೆ ಗುದ್ದುತ್ತದೆ.

ಬೇಸಗೆಯ ವಿಷಯಕ್ಕೆ ಬಂದರೂ ಅಷ್ಟೇ. ಚೆನ್ನಾಗಿ ಕೊಳೆತ ಕೆಳಪದರದೊಳಗೆ ನೀರಿನ ಚಲನೆ ತೀರಾ ನಿಧಾನ, ಅದು ತನ್ನೊಳಗಿನ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಏಪ್ರಿಲ್‌ನಲ್ಲೂ ಹಳ್ಳಕ್ಕೆ ಬರುವ ನೀರಿನ ಮುಖ್ಯ ಉಗ್ರಾಣ ಇಕ್ಕೆಲದ ಗುಡ್ಡ: ಶೋಲಾದ ಕೆಳಗಿನ ಆಳದ ಮಣ್ಣು, ಅದರಡಿಯ ಶಿಥಿಲ ಬಂಡೆ. ಆ ಉಗ್ರಾಣದ ಬಾಯಲ್ಲಿ ಕೂತಿರುವುದು ಹಡ್ಲು. ಕೆರೆಗೆ ತೂಬು ಇದ್ದಂತೆ ಗುಡ್ಡಕ್ಕೆ ಹಡ್ಲು. ತೂಬಿನ ಮಟ್ಟ ಎಷ್ಟಿದೆಯೋ ಅಷ್ಟರವರೆಗೆ ಕೆರೆಯಲ್ಲಿ ನೀರು. ತೂಬನ್ನು ನಾಲ್ಕಡಿ ಕೆಳಗಿಳಿಸಿದರೆ ಕೆರೆಯೂ ನಾಲ್ಕಡಿ ಬರಿದು. ಬೈಲಿನಲ್ಲಿ ಕಾಲುವೆ ಹೊಡೆದ ಎರಡು ಮೂರು ವರ್ಷಕ್ಕೆ ಮೇಲಿನ ಮನೆಗೆ ಗುಡ್ಡದಿಂದ ಹರಿದುಬರುವ ಅಬ್ಬಿ ನೀರು ಮಾರ್ಚ್‌ನಲ್ಲೇ ಸಣ್ಣಗಾಗುವುದಕ್ಕೆ, ಗುಡ್ಡದ ಬುಡದ ಒರತೆ ಇನ್ನೂ ಕೆಳಗೆ ಹೋಗಿ ಹುಟ್ಟುವುದಕ್ಕೆ ಇದು ಕಾರಣವಾಗಬಹುದು. ದೂರು ಬರುವುದು ಮಳೆಯ ಮೇಲೆ, ಬೋರ್‌ವೆಲ್‌ಗಳ ಮೇಲೆ. ಕಾಲುವೆಯ ಕಡೆ ಯಾರೂ ನೋಡುವುದಿಲ್ಲ.

ಅಂಕಿಯಲ್ಲಿ ನೋಡಿ. ಒಂದು ಎಕರೆ ಹಡ್ಲಿನ ನೀರಿನ ಮಟ್ಟವನ್ನು 60 ಸೆಂ.ಮೀ. ಇಳಿಸಿದರೆ, ಮಣ್ಣಿನ ಗಾತ್ರದ ಶೇ 15ರಷ್ಟು ನೀರು ಬಸಿಯುತ್ತದೆ ಎಂದು ಹಿಡಿದರೂ 3.6 ಲಕ್ಷ ಲೀಟರ್ ಹೋಯಿತು. ಕಾಫಿಗೆ ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರ್‌ನಲ್ಲಿ ಎಕರೆಗೆ ಒಂದೂವರೆ ಇಂಚು ನೀರು ಕೊಡಲು ಬೇಕಾಗುವುದು ಸುಮಾರು 1.5 ಲಕ್ಷ ಲೀಟರ್. ಎಂದರೆ ಎರಡು ಎಕರೆಗೂ ಹೆಚ್ಚು ರೋಬಸ್ಟಾ ಹೂಬಿಡಿಸುವ ನೀರನ್ನು ಜನವರಿಯಲ್ಲಿ ಹಳ್ಳಕ್ಕೆ ಬಿಟ್ಟು, ಫೆಬ್ರುವರಿಯಲ್ಲಿ ಅದೇ ನೀರಿಗಾಗಿ ಅದೇ ಬೈಲಿನಲ್ಲಿ ಕೆರೆ ತೋಡಿಸುತ್ತೇವೆ. ಇದರಲ್ಲಿ ಗುಡ್ಡದಿಂದ ಹೆಚ್ಚುವರಿ ಇಳಿದುಹೋಗುವ ನೀರು ಸೇರಿಲ್ಲ.

ಆ ಕೆರೆಯೂ ನಿರುಪದ್ರವಿಯಲ್ಲ. ಹಡ್ಲಿನ ನಡುವೆ ಹದಿನೈದು ಅಡಿ ಆಳಕ್ಕೆ ತೋಡಿ ಪಂಪ್ ಇಟ್ಟರೆ ಸುತ್ತಲಿನ ನೀರಿನ ಮಟ್ಟ ಕೆರೆಯ ಕಡೆಗೆ ಇಳಿಜಾರಾಗುತ್ತದೆ, ಪಂಪ್ ಮಾಡುವ ತಿಂಗಳುಗಳಲ್ಲಿ ಅದು ಬಸಿಗಾಲುವೆಯ ಕೆಲಸವನ್ನೇ ಮಾಡುತ್ತದೆ. ಕೃಷಿ ಹೊಂಡವಿರಲಿ, ಕಾಡಿನೊಳಗೆ ಪ್ರಾಣಿಗಳಿಗೆಂದು ತೋಡುವ ನೀರುಗುಂಡಿಯಿರಲಿ, ಜೌಗಿನ ಹೊಟ್ಟೆಯಲ್ಲಿ ತೋಡುವ ಬದಲು ಅಂಚಿಗೆ, ಒರತೆಗಿಂತ ಕೆಳಗೆ, ಕೆಂಪುಮಣ್ಣು ಶುರುವಾಗುವಲ್ಲಿ ತೋಡಬೇಕು. ಇಂಗುಗುಂಡಿಯನ್ನು ಹಡ್ಲಿನಲ್ಲಿ ತೆಗೆಯುವುದಂತೂ ದುಡ್ಡು ದಂಡ; ಅಲ್ಲಿ ಇಂಗಲು ಜಾಗವೇ ಇಲ್ಲ.

ಹವಾಮಾನ ಬದಲಾಗಿ ಇದಕ್ಕೆ ಹೊಸದಾಗಿ ಸೇರಿಕೊಂಡದ್ದು ಏರುಪೇರು. ಮಳೆ ಕಡಿಮೆ ದಿನಗಳಿಗೆ ಒತ್ತಿಬಂದರೆ ಕಾಲುವೆಯಲ್ಲಿ ಕೊರೆತ ಹೆಚ್ಚು, ನಡುವಿನ ಒಣದಿನಗಳಲ್ಲಿ ಕೊಳೆಯುವಿಕೆ ಹೆಚ್ಚು. ಶಿರಾಡಿ ಘಾಟಿ 2018ರಲ್ಲೂ 2024ರಲ್ಲೂ ಕುಸಿಯಿತು. ನಡುವೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದವು. ಉಷ್ಣತೆ 10 ಡಿಗ್ರಿ ಏರಿದರೆ ಮಣ್ಣಿನ ಕೊಳೆಯುವಿಕೆ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಹಳೆಯ ಅಂದಾಜು. ಒಂದೆರಡು ಡಿಗ್ರಿಯ ಏರಿಕೆಯ ಪರಿಣಾಮ ಆ ಲೆಕ್ಕದಲ್ಲಿ ಚಿಕ್ಕದು. ಕಾಲುವೆಯಿಂದ ಆಗುವ ಹಾನಿ ಅದಕ್ಕಿಂತ ಎಷ್ಟೋ ದೊಡ್ಡದು, ಮತ್ತು ಅದನ್ನು ಸರಿಪಡಿಸುವುದು ನಮ್ಮ ಕೈಯಲ್ಲಿದೆ.

ಬೆಂಕಿಯ ಮಾತನ್ನೂ ಇಲ್ಲೇ ಮುಗಿಸಬೇಕು. ಫೆಬ್ರುವರಿ, ಮಾರ್ಚ್‌ನಲ್ಲಿ ಮುಳ್ಳಯ್ಯನಗಿರಿ ಸುತ್ತ ಹುಲ್ಲಿಗೆ ಬೆಂಕಿ ಬೀಳುವುದು ಹೊಸದಲ್ಲ. ಹಸಿಯಾಗಿರುವ ಹಡ್ಲು ಆ ಬೆಂಕಿಗೆ ತಾನೇ ಗಡಿ. ಒಣಗಿದ ಕರಿಮಣ್ಣು ಮಾತ್ರ ಜ್ವಾಲೆಯಿಲ್ಲದೆ ಒಳಗೊಳಗೇ ಹೊಗೆಯಾಡಬಲ್ಲದು, ಮೇಲೆ ನೀರು ಚಿಮುಕಿಸಿದರೆ ಆರದು. ಇಂಡೋನೇಷ್ಯಾದಲ್ಲಿ ಇದರ ಅತಿರೇಕ ಕಂಡಿತು. ಮಧ್ಯ ಕಾಲಿಮಂಟನ್‌ನಲ್ಲಿ 1990ರ ದಶಕದ ನಡುವಿನಲ್ಲಿ 10 ಲಕ್ಷ ಹೆಕ್ಟೇರ್ ಪೀಟ್ ಕಾಡನ್ನು ಭತ್ತದ ಗದ್ದೆ ಮಾಡಲು ಹೊರಟು 4,000 ಕಿ.ಮೀ.ಗೂ ಹೆಚ್ಚು ಕಾಲುವೆ ಹೊಡೆದರು. ಭತ್ತ ಬರಲಿಲ್ಲ. 1997ರ ಎಲ್ ನಿನೊ ಬರಕ್ಕೆ ಒಣಗಿದ ನೆಲ ಹೊತ್ತಿಕೊಂಡಿತು. ಆ ವರ್ಷ ಇಂಡೋನೇಷ್ಯಾದ ಪೀಟ್ ಮತ್ತು ಕಾಡಿನ ಬೆಂಕಿಯಿಂದ ಗಾಳಿಗೆ ಸೇರಿದ ಇಂಗಾಲ 81 ಕೋಟಿಯಿಂದ 257 ಕೋಟಿ ಟನ್ ಎಂದು 2002ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಈಗ ಅಲ್ಲಿ ಪೀಟ್ ಮೇಲಿನ ತೋಟಗಳು ನೀರಿನ ಮಟ್ಟವನ್ನು 40 ಸೆಂ.ಮೀ.ಗಿಂತ ಕೆಳಗೆ ಬಿಡಬಾರದೆಂಬ ನಿಯಮವಿದೆ. ಎಷ್ಟು ಗಿಡ ನೆಟ್ಟಿರಿ ಎಂದು ಕೇಳದೆ ನೀರು ಎಷ್ಟು ಕೆಳಗಿದೆ ಎಂದು ಕೇಳುವ ನಿಯಮ. ಹಡ್ಲಿನ ವಿಷಯದಲ್ಲಿ ಕೇಳಬೇಕಾದ ಒಂದೇ ಪ್ರಶ್ನೆ ಅದು.

ಮಟ್ಟ ಅಳೆಯುವುದು, ಕಾಲುವೆ ಕಟ್ಟುವುದು

ಅಳೆಯಲು ಎರಡು ಇಂಚಿನ ಪಿವಿಸಿ ಪೈಪ್ ಸಾಕು. ಎರಡು ಮೀಟರ್ ಉದ್ದದ ತುಂಡಿಗೆ ಕೆಳಗಿನ ಒಂದೂವರೆ ಮೀಟರಿನುದ್ದಕ್ಕೆ ಗರಗಸದಿಂದ ಸೀಳು ಹಾಕಿ, ಹಳೆಯ ನೈಲಾನ್ ಬಟ್ಟೆ ಸುತ್ತಿ, ತಳ ಮುಚ್ಚಿ ಹೂಳಬೇಕು. ಮೇಲೆ ಮುಚ್ಚಳ. ಒಂದು ಕಾಲುವೆಯ ಪಕ್ಕ, ಇನ್ನೊಂದು ಹಡ್ಲಿನ ನಡುವೆ, ಮತ್ತೊಂದು ಗುಡ್ಡದ ಬುಡದಲ್ಲಿ. ವಾರಕ್ಕೊಮ್ಮೆ ಕೋಲು ಇಳಿಸಿ ಒದ್ದೆ ಗುರುತು ನೋಡಿ ಬರೆದಿಟ್ಟರೆ ಒಂದು ವರ್ಷದಲ್ಲಿ ಬೈಲಿನ ಜಾತಕ ಕೈಯಲ್ಲಿರುತ್ತದೆ. ಮುಖ್ಯವಾದದ್ದು ಏಪ್ರಿಲ್ ಕೊನೆಯ ಅಂಕಿ. ಮೂರನೇ ಪೈಪು ಬಹಳ ಜನ ಬಿಡುವಂಥದ್ದು, ಆದರೆ ಕಾಲುವೆ ಗುಡ್ಡವನ್ನು ಎಷ್ಟು ಹಿಂಡುತ್ತಿದೆ ಎಂದು ತೋರಿಸುವುದು ಅದೇ.

ಗುರಿ ಎಷ್ಟು? ಬಸಿದ ಪೀಟ್ ನೆಲಗಳ ಬಗ್ಗೆ 2021ರಲ್ಲಿ ಬಂದ ಒಂದು ವಿಶ್ಲೇಷಣೆಯ ಪ್ರಕಾರ ಮಟ್ಟವನ್ನು 10 ಸೆಂ.ಮೀ. ಮೇಲಕ್ಕೆ ತಂದಾಗೆಲ್ಲ ವರ್ಷಕ್ಕೆ ಹೆಕ್ಟೇರಿಗೆ ಕನಿಷ್ಠ 3 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲ ಉಳಿಯುತ್ತದೆ, ನೆಲಮಟ್ಟದಿಂದ 30 ಸೆಂ.ಮೀ. ಒಳಗೆ ಬರುವವರೆಗೂ. ಅದಕ್ಕಿಂತ ಮೇಲೆ ಮೀಥೇನ್ ಶುರುವಾಗುತ್ತದೆ. ಸದಾ ಮೇಲೆ ನೀರು ನಿಲ್ಲಿಸಿದರೆ ಮೀಥೇನ್ ಹೆಚ್ಚು, ತೀರಾ ಇಳಿಸಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚು. ಮಳೆಗಾಲ ಬಿಟ್ಟು ಮಿಕ್ಕ ಕಾಲದಲ್ಲಿ 10ರಿಂದ 20 ಸೆಂ.ಮೀ. ಕೆಳಗಿರುವುದು ಹದ. ಮೀಥೇನ್ ಹೆಸರು ಹೇಳಿ ಜೌಗನ್ನೇ ಬಸಿಯಬೇಕೆನ್ನುವ ವಾದ ಮಾತ್ರ ನಿಲ್ಲುವುದಿಲ್ಲ: ಮೀಥೇನ್ ಗಾಳಿಯಲ್ಲಿ ಸುಮಾರು ಹನ್ನೆರಡು ವರ್ಷವಿದ್ದು ಕರಗುತ್ತದೆ, ಕರಿಮಣ್ಣಿನಿಂದ ಹೋದ ಇಂಗಾಲ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ.

ಕಾಲುವೆ ಪೂರ್ತಿ ಮುಚ್ಚಬೇಕೆಂದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದರೆ ಆಯಿತು. ಒಂದು ಒಡ್ಡಿಗೂ ಮುಂದಿನದಕ್ಕೂ ನೀರಿನ ಮಟ್ಟದ ವ್ಯತ್ಯಾಸ 20 ಸೆಂ.ಮೀ. ಮೀರಬಾರದು. ಬೈಲು ನೂರು ಮೀಟರಿಗೆ ಒಂದು ಮೀಟರ್ ಇಳಿಯುತ್ತಿದ್ದರೆ 20 ಮೀಟರಿಗೊಂದರಂತೆ ಐದು ಒಡ್ಡು. ಇಳಿಜಾರು ಎರಡು ಪಟ್ಟಾದರೆ ಹತ್ತು. ಇಷ್ಟೊಂದು ಯಾಕೆ, ಕೆಳಗೆ ಒಂದೇ ದೊಡ್ಡ ಕಾಂಕ್ರೀಟ್ ತಡೆ ಕಟ್ಟಿದರೆ ಆಗದೇ ಎನ್ನುವವರಿದ್ದಾರೆ. ಆಗದು. ಒಂದೇ ಒಡ್ಡಿನ ಹಿಂದೆ ನಿಂತ ನೀರು ಅಲ್ಲಿ ಮಾತ್ರ ಕೊಳವಾಗುತ್ತದೆ, ಮೇಲಿನ ಕಾಲುವೆ ಬಸಿಯುತ್ತಲೇ ಇರುತ್ತದೆ. ಒತ್ತಡ ಹೆಚ್ಚಾಗಿ ಮೆದು ಮಣ್ಣಿನಲ್ಲಿ ನೀರು ಕಾಂಕ್ರೀಟಿನ ಅಡಿಯಿಂದ ದಾರಿ ಮಾಡಿಕೊಳ್ಳುತ್ತದೆ. ಗೋಡೆ ನಿಂತಿರುತ್ತದೆ, ನೀರು ಇರುವುದಿಲ್ಲ.

ಸಾಮಾನು ತೋಟದಲ್ಲೇ ಇದೆ. ಅಡಿಕೆ ದಬ್ಬೆ ಅಥವಾ ಬಿದಿರನ್ನು ಕಾಲುವೆಗೆ ಅಡ್ಡಲಾಗಿ ಎರಡು ಸಾಲು, ನಡುವೆ ಎರಡರಿಂದ ಎರಡೂವರೆ ಅಡಿ ಬಿಟ್ಟು, ಗಟ್ಟಿ ತಳ ಸಿಗುವವರೆಗೆ ಹೊಡೆಯಬೇಕು. ಎರಡೂ ದಡದೊಳಕ್ಕೆ ಅರ್ಧ ಮೀಟರ್ ಕಡಿದು ಸಾಲನ್ನು ಒಳಗೆ ಸೇರಿಸುವುದು ಕಡ್ಡಾಯ. ಒಡ್ಡು ಒಡೆಯುವುದು ನಡುವೆ ಅಪರೂಪ, ಬದಿಯಿಂದಲೇ ಹೆಚ್ಚು. ನಡುವಿನ ಜಾಗಕ್ಕೆ ಕಾಲುವೆಯ ಹಸಿ ಕರಿಮಣ್ಣನ್ನೇ ಅರ್ಧ ಅಡಿ ಹಾಕಿ ತುಳಿದು, ಮತ್ತೆ ಅರ್ಧ ಅಡಿ ಹಾಕಿ ತುಳಿಯುವುದು. ದಡದ ಮೇಲೆ ಒಣಗಿದ್ದ ಹಳೇ ಗುಡ್ಡೆಯ ಮಣ್ಣನ್ನು ಬಳಸಬಾರದು. ಒಮ್ಮೆ ಪೂರ್ತಿ ಒಣಗಿದ ಕರಿಮಣ್ಣು ನೀರನ್ನು ಒಲ್ಲೆ ಎನ್ನುತ್ತದೆ, ಮೇಲೆ ಸುರಿದ ನೀರು ಹನಿಹನಿಯಾಗಿ ಜಾರುತ್ತದೆ, ಒಡ್ಡಿನೊಳಗೆ ಹಾಕಿದರೆ ಅದೇ ಸೋರುವ ಜಾಗ. ನೆತ್ತಿ ಬದಿಯ ನೆಲಕ್ಕಿಂತ 10 ಸೆಂ.ಮೀ. ಎತ್ತರವಿರಲಿ. ಆಗ ಹೆಚ್ಚಾದ ನೀರು ಒಡ್ಡಿನ ಮೇಲಿಂದ ಕಾಲುವೆಗೇ ಹಾರದೆ ಎಡಬಲದ ಹುಲ್ಲಿನ ಮೇಲೆ ಹರಡುತ್ತದೆ. ಹರಡಲು ಜಾಗವಿಲ್ಲದ ಇಕ್ಕಟ್ಟಿನಲ್ಲಿ ನಡುವೆ ಅಗಲದ ಕಚ್ಚು ಬಿಟ್ಟು, ನೀರು ಬೀಳುವಲ್ಲಿ ಕಲ್ಲು ಹಾಸಬೇಕು. ನೆತ್ತಿಯ ಮೇಲೆ ಹುಲ್ಲಿನ ಹೆಂಟೆ ಮುಚ್ಚಿದರೆ ಮೊದಲ ಮಳೆಗೆ ಬೇರು ಹಿಡಿಯುತ್ತದೆ.

ಕೆಲಸ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ, ಮೇಲಿನ ತುದಿಯಿಂದ ಶುರುಮಾಡಿ ಕೆಳಕ್ಕೆ. ಮೇ ತಿಂಗಳಲ್ಲಿ ಮಾಡಿದರೆ ಮಣ್ಣು ಬಿರಿದಿರುತ್ತದೆ, ತುಳಿದರೂ ಕೂರದು, ಮುಂಗಾರಿನ ಮೊದಲ ನೆರೆಗೆ ಕಿತ್ತುಹೋಗುತ್ತದೆ. ಜುಲೈನಲ್ಲಿ ಎರಡು ಮೂರು ಸಲ ನಡೆದು ನೋಡಿ ಬದಿ ಕೊರೆದಲ್ಲಿ ಆಗಲೇ ಸರಿಮಾಡಬೇಕು. ನೀರಿನಲ್ಲಿ ಮುಳುಗಿದ ದಬ್ಬೆ ಬಾಳುತ್ತದೆ, ಒಣಗಿ ನೆನೆಯುವ ಮೇಲ್ತುದಿ ಎರಡು ಮೂರು ವರ್ಷಕ್ಕೆ ಹೋಗುತ್ತದೆ. ಅಷ್ಟರೊಳಗೆ ಜೇಕು ಬೇರುಬಿಟ್ಟು ಒಡ್ಡನ್ನು ಹಿಡಿದುಕೊಂಡಿರುತ್ತದೆ.

ಮರ ನೆಡುವ ಉತ್ಸಾಹವನ್ನು ಮಾತ್ರ ಇಲ್ಲಿ ತಡೆಯಬೇಕು. ಹಡ್ಲಿನಲ್ಲಿ ಅಕೇಶಿಯಾ, ಸಿಲ್ವರ್ ಓಕ್, ನೀಲಗಿರಿ ನೆಟ್ಟರೆ ಅವೇ ಪಂಪ್‌ಗಳು. ಅಂಚಿಗೆ ನೀರಂಜಿ, ಕೇದಗೆ ಇರಲಿ. ನಡುವೆ ಏನೂ ನೆಡದಿರುವುದೇ ಸರಿ, ಮಟ್ಟ ಮೇಲೆ ಬಂದರೆ ಜೇಕು, ಆಪು ತಾವಾಗಿ ಬರುತ್ತವೆ. ಯುಪಟೋರಿಯಂ ಪೊದೆಗಳು ಹಡ್ಲಿನ ನಡುವಿಗೆ ಬಂದಿದ್ದರೆ ನೆಲ ಒಣಗುತ್ತಿದೆ ಎಂದೇ ತಿಳಿಯಬೇಕು, ಕಡಿದರೆ ಮತ್ತೆ ಬರುತ್ತದೆ, ನೀರು ನಿಲ್ಲಿಸಿದರೆ ಕೊಳೆಯುತ್ತದೆ.

ಪೀಟ್ ಬಗ್ಗೆ ಮಾತಾಡುವಾಗ ಹಾಸನ ಜಿಲ್ಲೆಗೆ ಇನ್ನೊಂದು ಸಂಬಂಧವೂ ಇದೆ. ಯುರೋಪ್, ಕೆನಡಾದ ಜೌಗುಗಳಿಂದ ಕಡಿದು ಚೀಲಕ್ಕೆ ತುಂಬಿದ ಪೀಟ್ ಮಾಸ್ ನರ್ಸರಿಗಳಿಗೆ ಬರುತ್ತದೆ. ಅದರ ಬದಲಿ ಅರಸೀಕೆರೆಯ ತೆಂಗಿನ ಸಿಪ್ಪೆಯಲ್ಲೇ ಇದೆ. ಕೋಕೋಪೀಟ್ ಬಳಸಿ ಸಸಿ ಹಳದಿಯಾಯಿತು ಎಂದು ಬಿಟ್ಟವರು ಹೆಚ್ಚಿನವರು ತೊಳೆಯದ ಮಾಲು ಬಳಸಿದವರು. ನಾರಿನ ಪುಡಿಯಲ್ಲಿ ಸೋಡಿಯಂ, ಪೊಟ್ಯಾಷಿಯಂ ಉಪ್ಪು ತುಂಬಿರುತ್ತದೆ. ಸಿಹಿನೀರಿನಲ್ಲಿ ಎರಡು ಮೂರು ಸಲ ನೆನೆಸಿ ಬಸಿದು, ಒಮ್ಮೆ ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ರಾತ್ರಿಯಿಡೀ ಇಟ್ಟು ತೊಳೆದರೆ ಆ ತಾಪತ್ರಯ ಹೋಗುತ್ತದೆ. ಇಂಗಾಲ ಸಾರಜನಕದ ನೂರು ಪಟ್ಟು ಇರುವುದರಿಂದ ಹಸಿ ಪುಡಿ ಸಸಿಯ ಸಾರಜನಕವನ್ನೇ ಕಿತ್ತುಕೊಳ್ಳುತ್ತದೆ, ಕೊಳೆಸಿ ಬಳಸುವುದು ಅದಕ್ಕೇ. ಕಾಫಿ ಬುಟ್ಟೆಗೆ ಮಾಮೂಲಿ ಆರು ಪಾಲು ಕಾಡುಮಣ್ಣು, ಎರಡು ಪಾಲು ಗೊಬ್ಬರ, ಒಂದು ಪಾಲು ಮರಳು ಎನ್ನುವ ಮಿಶ್ರಣದಲ್ಲೂ, ಆ ಕಾಡುಮಣ್ಣಿಗೆಂದು ಹಡ್ಲಿನ ಅಂಚಿನ ಕರಿಮಣ್ಣು ಕೆರೆದು ತರುವ ಅಭ್ಯಾಸ ಇದರಿಂದ ತಪ್ಪುತ್ತದೆ.

ಕಾನೂನಿನ ಕಣ್ಣಿಗೆ ಬೀಳದ ನೆಲ

ಕೇಂದ್ರ ಸರ್ಕಾರದ 2017ರ ಜೌಗುಭೂಮಿ ನಿಯಮಗಳಲ್ಲಿ ಪೀಟ್ ನೆಲದ ಹೆಸರು ನೇರವಾಗಿಯೇ ಇದೆ. ಆದರೆ ಅದೇ ನಿಯಮ ನದಿಪಾತ್ರ, ನೀರಾವರಿಗೆ ಕಟ್ಟಿದ ಕೆರೆ ಮತ್ತು ಭತ್ತದ ಗದ್ದೆಗಳನ್ನು ಹೊರಗಿಟ್ಟಿದೆ. ಮಲೆನಾಡಿನ ಹಡ್ಲುಗಳಲ್ಲಿ ದೊಡ್ಡ ಪಾಲು ಎಂದೋ ಗದ್ದೆಯಾಗಿ ಪಹಣಿಯಲ್ಲಿ ತರಿ ಎಂದು ಕೂತಿದೆ. ಮಿಕ್ಕದ್ದರಲ್ಲಿ ಬಹಳಷ್ಟು 2.25 ಹೆಕ್ಟೇರ್‌ಗಿಂತ ಚಿಕ್ಕದು. ಸುಪ್ರೀಂ ಕೋರ್ಟ್ ಆದೇಶದಂತೆ ದೇಶದಲ್ಲಿ ಗುರುತಿಸಿ ಗಡಿ ಹಾಕಬೇಕಾದ 2,31,195 ಜೌಗುಗಳ ಪಟ್ಟಿ ಆ ಗಾತ್ರಕ್ಕಿಂತ ಮೇಲಿನವುಗಳದು. ಎಂದರೆ ಐದೂವರೆ ಎಕರೆಗಿಂತ ಸಣ್ಣ ಹಡ್ಲಿಗೆ ಕಾಗದದಲ್ಲಿ ಅಸ್ತಿತ್ವವೇ ಇಲ್ಲ. ಅಂತರರಾಷ್ಟ್ರೀಯ ಮಹತ್ವದ ಜೌಗು ಎಂದು ಗುರುತಾದ ಕರ್ನಾಟಕದ ನಾಲ್ಕು ರಾಮ್ಸರ್ ತಾಣಗಳಲ್ಲಿ ಹಾಸನ, ಚಿಕ್ಕಮಗಳೂರಿನದು ಒಂದೂ ಇಲ್ಲ. ಹೇಮಾವತಿ, ಯಗಚಿ, ವೇದಾವತಿ, ತುಂಗೆ, ಭದ್ರೆ ಹುಟ್ಟುವುದು ಇಲ್ಲಿಯೇ. ಸಕಲೇಶಪುರದ ಹಳ್ಳಗಳಿಂದ 24 ಟಿಎಂಸಿ ಎತ್ತುವ ಎತ್ತಿನಹೊಳೆ ಯೋಜನೆಯ ಜಗಳದಲ್ಲಿ ಎರಡೂ ಕಡೆಯವರು ಮಳೆ ಮತ್ತು ಹರಿವಿನ ಅಂಕಿ ಇಟ್ಟುಕೊಂಡು ವಾದಿಸಿದರು. ಹಳ್ಳದ ತಲೆಯಲ್ಲಿರುವ ಬೈಲುಗಳಲ್ಲಿ ಎಷ್ಟು ಈಗಾಗಲೇ ಬಸಿದಿವೆ ಎಂಬುದು ಚರ್ಚೆಗೇ ಬರಲಿಲ್ಲ.

ಭತ್ತವನ್ನು ಹೊಗಳಿ ರೈತರಿಗೆ ಬುದ್ಧಿ ಹೇಳುವುದರಲ್ಲಿ ಅರ್ಥವಿಲ್ಲ. ನಾಟಿಗೆ ಆಳಿಲ್ಲ, ಕಾಡುಹಂದಿ, ಆನೆ ಕಾಟ, ಬಂದ ಬೆಳೆಗೆ ಬೆಲೆಯಿಲ್ಲ. ಬೇಸಾಯ ನಿಲ್ಲಿಸಿ ಹಡ್ಲು ಬಿಟ್ಟ ಗದ್ದೆ ಹಾಗೇ ಜೇಕು ಬೆಳೆದು ನಿಂತರೆ ಮಣ್ಣಿನ ಮಟ್ಟಿಗೆ ಅದೇ ಒಳ್ಳೆಯದು. ಆ ‘ಏನೂ ಮಾಡದಿರುವಿಕೆ’ಗೆ ಎಕರೆಗೆ ಇಷ್ಟು ಎಂದು ಕೊಡುವ ಯೋಜನೆ ಬಂದರೆ ಹಿಟಾಚಿಗೆ ಕೊಡುವ ದುಡ್ಡು ಉಳಿದೀತು. ಇಂಗಾಲದ ಮಾರುಕಟ್ಟೆಯಿಂದ ಹಣ ಬರುತ್ತದೆಂಬ ಭರವಸೆ ಸದ್ಯಕ್ಕೆ ಬೇಡ. ಎರಡು ಎಕರೆ ಹಡ್ಲಿನ ಲೆಕ್ಕ ಅಳೆದು ದೃಢೀಕರಿಸುವ ಖರ್ಚೇ ಬರುವ ಹಣಕ್ಕಿಂತ ಹೆಚ್ಚು. ಉದ್ಯೋಗ ಖಾತರಿಯ ಅಂದಾಜುಪಟ್ಟಿಯಲ್ಲಿ ಕಾಲುವೆ ಹೂಳೆತ್ತುವ ಕೆಲಸ ಇರುವಂತೆ ಕಾಲುವೆ ಕಟ್ಟುವ ಕೆಲಸವೂ ಸೇರಬೇಕು.

ಅದಕ್ಕಿಂತ ಮೊದಲು ತೀರಬೇಕಾದ್ದು ಅಕ್ಕಪಕ್ಕದ ವ್ಯವಹಾರ. ಒಂದು ಹಡ್ಲು ಸಾಮಾನ್ಯವಾಗಿ ಮೂರು ನಾಲ್ಕು ಪಹಣಿಗೆ ಹಂಚಿಹೋಗಿರುತ್ತದೆ, ಕಾಲುವೆ ಎಲ್ಲರದು. ಕೆಳಗಿನವರು ತಮ್ಮ ಪಾಲನ್ನು ಆಳ ಮಾಡಿದರೆ ಮೇಲಿನವರು ಎಷ್ಟು ಒಡ್ಡು ಕಟ್ಟಿದರೂ ವ್ಯರ್ಥ. ಮೇಲಿನವರು ಕಟ್ಟಿದರೆ ಪಕ್ಕದ ಅಡಿಕೆಯ ಬೇರಿಗೆ ನೀರು ನಿಂತೀತು ಎಂಬ ತಕರಾರು. ಇದನ್ನು ಬಾಯಿಮಾತಿನಲ್ಲಿ ಬಿಡದೆ, ಎಲ್ಲರ ಪೈಪುಗಳ ಅಂಕಿ ಎದುರಿಗಿಟ್ಟುಕೊಂಡು ಬರೆದುಕೊಳ್ಳುವುದು ಒಳ್ಳೆಯದು: ನೀರಿನ ಮಟ್ಟ ಡಿಸೆಂಬರ್‌ನಿಂದ ಮೇವರೆಗೆ ಬೈಲಿನ ನಡುವೆ ನೆಲದಿಂದ 20 ಸೆಂ.ಮೀ. ಕೆಳಗೆ, ತೋಟವಿರುವ ಅಂಚಿನಲ್ಲಿ 50 ಸೆಂ.ಮೀ. ಕೆಳಗೆ, ಮಳೆಗಾಲದಲ್ಲಿ ಕೊನೆಯ ಒಡ್ಡಿನ ಹಲಗೆ ಎತ್ತುವುದು ಯಾರು, ಇಳಿಸುವುದು ಯಾವ ತಿಂಗಳು ಎಂಬುದು ಸಹಿತ. ಕೊನೆಯ ಒಡ್ಡಿಗೆ ಮಾತ್ರ ಮಣ್ಣು ತುಂಬದೆ, ಮೇಲೆಕೆಳಗೆ ಜಾರುವ ಮೂರು ನಾಲ್ಕು ಹಲಗೆಗಳ ಚೌಕಟ್ಟು ಇಟ್ಟುಕೊಂಡರೆ ಆ ಕರಾರನ್ನು ಕೈಯಿಂದಲೇ ಪಾಲಿಸಬಹುದು.